ಸೂಟಿಯಲ್ಲಿ ಸಾಲಿ

ನಮ್ಮಪ್ಪ ಎತ್ತು ಕೊಳ್ಳಲು ಸಂತೆಗೆ ಹೋದರೆ ಕೆಲಸ ಒಂದು ದಿನಕ್ಕೆ ಮುಗಿಯುತ್ತಿರಲಿಲ್ಲ. ಮೊದಲು ಬಾಯಿ ಬಿಡಿಸಿ ಹಲ್ಲು ಎಣಿಸಬೇಕು: ಹಾಲುಹಲ್ಲೋ, ಎರಡಲ್ಲೋ, ನಾಲ್ಕಲ್ಲೋ, ಬಾಯಿಗೂಡಿದ್ದೋ. ಆಮೇಲೆ ಸುಳಿ ನೋಡಬೇಕು, ಗೊರಸು ಮುಟ್ಟಿ ನೋಡಬೇಕು, ನಾಲ್ಕು ಹೆಜ್ಜೆ ನಡೆಸಬೇಕು. ಇಷ್ಟಾದ ಮೇಲೆ ಟವೆಲ್ಲಿನ ಕೆಳಗೆ ಕೈ ಸೇರಿಸಿ, ಬೆರಳು ಹಿಚುಕಿ ದರ ಮಾಡಬೇಕು. ದರ ಕುದುರಿದ ಮೇಲೂ ಅಪ್ಪನದೊಂದು ಪ್ರಶ್ನೆ ಉಳಿದಿರುತ್ತಿತ್ತು: ‘ಇಷ್ಟ ಚಲೋ ಎತ್ತ, ಮತ್ತ ಯಾಕ ಮಾರತೀ?’ ಉತ್ತರ ಹೇಳುವಾಗ ಮಾರುವವನ ಕಣ್ಣು ಯಾವ ಕಡೆ ಹೋಗುತ್ತದೆ ಎಂಬುದೂ ಅವನ ಲೆಕ್ಕದಲ್ಲಿರುತ್ತಿತ್ತು.

ಅಂಥ ಅಪ್ಪನ ಮೊಮ್ಮಗನನ್ನು, ಅಂದರೆ ನನ್ನ ಅಕ್ಕನ ಮಗನನ್ನು, ನಾವು ಒಂದು ಪಾಂಪ್ಲೆಟ್ ನೋಡಿ 40 ದಿನಗಳ ವಸತಿ ಶಿಬಿರಕ್ಕೆ ಬಿಟ್ಟುಬಂದೆವು. ಅದಕ್ಕೆ ಹಿಡಿದ ಸಮಯ 20 ನಿಮಿಷ. ಚಹಾ ಕುಡಿದದ್ದೂ ಅದರಲ್ಲೇ ಬಂತು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಬೇಸಿಗೆ ಬಂದದ್ದು ಮೊದಲೆಲ್ಲ ಕೃಷ್ಣೆಯ ನೀರು ಇಳಿದದ್ದರಿಂದ ಗೊತ್ತಾಗುತ್ತಿತ್ತು. ಈಗ ಗೋಡೆಗಳಿಂದ ಗೊತ್ತಾಗುತ್ತದೆ. ‘ನವೋದಯ, ಸೈನಿಕ, ಕಿತ್ತೂರು, ಮೊರಾರ್ಜಿ, ಆದರ್ಶ — ಎಲ್ಲದಕ್ಕೂ ಒಂದೇ ಸೂರಿನಡಿ ತರಬೇತಿ, ವಸತಿ ಸಹಿತ’ ಎಂಬ ಬರಹ ಬಸ್ ಸ್ಟ್ಯಾಂಡಿನ ಗೋಡೆಯಿಂದ ಪಾನಪಟ್ಟಿ ಅಂಗಡಿಯ ತನಕ ಹಬ್ಬುತ್ತದೆ. ಅದರ ಸುತ್ತ ಕಳೆದ ವರ್ಷ ಪಾಸಾದ ಮಕ್ಕಳ ಪಾಸ್‌ಪೋರ್ಟ್ ಸೈಜಿನ ಮುಖಗಳು. ಒಂದೇ ಹುಡುಗಿಯ ಮುಖವನ್ನು ನಾನು ಮೂರು ಬೇರೆ ಬೇರೆ ಶಿಬಿರಗಳ ಬ್ಯಾನರಿನಲ್ಲಿ ಕಂಡಿದ್ದೇನೆ. ಪಾಪ, ಆ ಮಗು ಒಂದೇ ಸೂಟಿಯಲ್ಲಿ ಮೂರು ಕಡೆ ಹೇಗೆ ಕಲಿತಿತೋ!

ಸೂಟಿ ಎಂಬುದು ನಮ್ಮ ಕಡೆಯ ರಜೆ. ಮರಾಠಿಯ ‘ಸುಟ್ಟಿ’ ಗಡಿ ದಾಟಿ ಬಂದು ನಮ್ಮಲ್ಲಿ ಸೂಟಿಯಾಗಿದೆ. ಬಿಡುಗಡೆ ಎಂಬ ಅರ್ಥ ಅದರ ಹೊಟ್ಟೆಯಲ್ಲೇ ಇದೆ. ಏಪ್ರಿಲ್ ಎರಡನೆಯ ವಾರ ಸಾಲಿಗೆ ಸೂಟಿ ಬಿಡುತ್ತದೆ. ಕಬ್ಬಿನ ಬಿಲ್ಲಿನ ಹಣವೂ ಹೆಚ್ಚುಕಡಿಮೆ ಆ ಹೊತ್ತಿಗೇ ಕೈಗೆ ಬಂದಿರುತ್ತದೆ. ಶಿಬಿರ ನಡೆಸುವವರಿಗೆ ಇವೆರಡೂ ಪಂಚಾಂಗ ನೋಡದೆಯೇ ಗೊತ್ತು.

ಭಾವ ಕಾಗವಾಡದ ಕಡೆಯ ಕಬ್ಬಿನ ರೈತ. ಮನೆಯಲ್ಲಿ ನಾಲ್ಕಕ್ಷರ ಹೆಚ್ಚು ಕಲಿತವನು ನಾನು ಎಂಬ ತಪ್ಪು ತಿಳಿವಳಿಕೆಯಿಂದ ನನ್ನನ್ನೂ ಕರೆದುಕೊಂಡು ಹೋದರು. ಅಳಿಯನದು ನಾಲ್ಕನೆಯ ಇಯತ್ತೆ ಮುಗಿದಿತ್ತು. ಅಕ್ಕ ಟ್ರಂಕಿನಲ್ಲಿ ಶೇಂಗಾ ಹಿಂಡಿ, ಕಟಕ್ ರೊಟ್ಟಿ, ಉಂಡಿ ತುಂಬಿ, ಮೇಲೆ ಕೀಲಿ ಹಾಕಿ, ಕೀಲಿಕೈಯನ್ನು ಮಗನ ಉಡದಾರಕ್ಕೆ ಕಟ್ಟಿದಳು. ಆಫೀಸಿನಲ್ಲಿ ಫ್ಯಾನು, ಎಸಿ, ಸರಸ್ವತಿಯ ಫೋಟೋ ಎಲ್ಲ ಇದ್ದವು. ಮುಖ್ಯಸ್ಥರು ‘ನಿಮ್ಮ ಮಗ ಇನ್ನ ನಮ್ಮ ಮಗ’ ಅಂದರು. ಭಾವ ಕರಗಿ ನೀರಾಗಿ ಪೂರ್ತಿ ಹಣ ಎಣಿಸಿಕೊಟ್ಟರು. ಅಡುಗೆಮನೆ ಯಾವ ಕಡೆ ಇದೆ ಎಂದು ಯಾರೂ ಕೇಳಲಿಲ್ಲ. ಸಂತೆಯಲ್ಲಿ ಆಗಿದ್ದರೆ ಅಪ್ಪ ನಮ್ಮಿಬ್ಬರನ್ನೂ ಮಾರಿಬರುತ್ತಿದ್ದ.

ಮಕ್ಕಳನ್ನು ಓದಿಗಾಗಿ ಊರು ಬಿಡಿಸುವುದು ನಮ್ಮ ಸೀಮೆಗೆ ಹೊಸದಲ್ಲ. ನಿಪ್ಪಾಣಿಯಿಂದ ತಾಸೊತ್ತಿನ ದಾರಿಯ ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರ ಆಶ್ರಯದಲ್ಲಿ 1901ರಲ್ಲಿ ವಿಕ್ಟೋರಿಯಾ ಮರಾಠಾ ಬೋರ್ಡಿಂಗ್ ತೆರೆಯಿತು. ಜೈನರಿಗೆ, ಲಿಂಗಾಯತರಿಗೆ, ಮುಸ್ಲಿಮರಿಗೆ, ಹೀಗೆ ಒಂದೊಂದು ಸಮುದಾಯಕ್ಕೂ ಬೋರ್ಡಿಂಗುಗಳು ಬಂದವು. ನಮ್ಮ ಕಡೆಯ ಹಿರಿಯರ ಬಾಯಲ್ಲಿ ‘ಬೋರ್ಡಿಂಗಿನ್ಯಾಗ ಕಲತಾಂವ’ ಎಂಬುದು ಇಂದಿಗೂ ಒಂದು ಪದವಿ. ಊರಲ್ಲಿ ಸಾಲಿಯಿಲ್ಲ, ಮನೆಯಲ್ಲಿ ಅನ್ನವಿಲ್ಲ ಎಂಬ ಎರಡು ಕಾರಣಕ್ಕೆ ಆಗ ಮಕ್ಕಳು ಹೋದರು. ಈಗ ಊರಲ್ಲಿ ಸಾಲಿಯಿದೆ, ಮನೆಯಲ್ಲಿ ಅನ್ನವೂ ಇದೆ. ಇಲ್ಲದ್ದು ನಮಗೆ ಸಮಾಧಾನ. ಪಕ್ಕದ ಮನೆಯ ಹುಡುಗ ಹೋದನಲ್ಲ!

ಇನ್ನೊಂದು ವಿನೋದ ಕೇಳಿ. ಅಳಿಯ ಬರೆಯಬೇಕಾದದ್ದು ಬೆಳಗಾವಿ ಜಿಲ್ಲೆಯ ಜವಾಹರ ನವೋದಯದ ಪರೀಕ್ಷೆ. ಆ ವಿದ್ಯಾಲಯ ಇರುವುದು ನಮ್ಮ ಚಿಕ್ಕೋಡಿ ಬಳಿಯ ಕೋಥಳಿಯಲ್ಲಿ. ಅದನ್ನು ಸೇರಲಿಕ್ಕೆ ಹುಡುಗ ಮೊದಲು ಜಿಲ್ಲೆ ದಾಟಿ ಹೋದ.

ಶಿಬಿರದಿಂದ ಭಾನುವಾರಕ್ಕೊಮ್ಮೆ ಫೋನು. ಮೂರು ನಿಮಿಷ, ಸ್ಪೀಕರ್ ಮೇಲೆ, ಪಕ್ಕದಲ್ಲಿ ವಾರ್ಡನ್. ‘ಹ್ಯಾಂಗದಿ ತಮ್ಮಾ?’ ಅಂದರೆ ‘ಆರಾಮ ಅದೀನಿ’ ಅನ್ನುತ್ತಿದ್ದ. ಅಕ್ಕನಿಗೆ ಅನುಮಾನ ಬಂದದ್ದೇ ಅಲ್ಲಿ. ಮನೆಯಲ್ಲಿದ್ದಾಗ ಪಲ್ಯಕ್ಕೆ ಉಪ್ಪು ಕಡಿಮೆಯಾದರೂ ಓಣಿ ಒಂದು ಮಾಡುವ ಹುಡುಗ ಆರಾಮ ಅಂದರೆ ಏನೋ ಆಗಿದೆ! ಹತ್ತನೆಯ ದಿನ ಹೇಳದೆ ಕೇಳದೆ ನಾನು, ಭಾವ ಹೋದೆವು.

ಪತ್ರಾಸಿನ ಷೆಡ್ಡು. ಸಾಲಾಗಿ ಟ್ರಂಕುಗಳು, ಟ್ರಂಕಿಗೊಂದು ಚಾಪೆ. ಅಳಿಯ ನೀರಿನ ಟಾಕಿಯ ನೆರಳಲ್ಲಿ ಒಬ್ಬನೇ ಕೂತು ಪ್ರಶ್ನೆಪತ್ರಿಕೆಗೆ ಗುರುತು ಹಾಕುತ್ತಿದ್ದ. ನಾಲ್ಕು ಆಕೃತಿಗಳಲ್ಲಿ ಗುಂಪಿಗೆ ಸೇರದ್ದನ್ನು ಆರಿಸುವ ಲೆಕ್ಕ. ಹತ್ತಕ್ಕೆ ಹತ್ತೂ ಸರಿ. ‘ಮಾಮಾ, ಇದರಾಗ ನಾನ ಫಸ್ಟ್’ ಅಂದ. ಆಮೇಲೆ ವರದಿ ಒಪ್ಪಿಸಿದ: ‘ಫ್ಯಾನ್ ಮೂರ ಅದಾವ, ಮೂರನೇದು ತಿರಗಂಗಿಲ್ಲ. ಇಲ್ಲಿ ಮುಂಜಾನಿ ಆಗೂದಕಿಂತ ಮೊದಲ ಮುಂಜಾನಿ ಆಗತೈತಿ.’ ನಾಲ್ಕೂವರೆಗೆ ಎಬ್ಬಿಸಿ ರಾತ್ರಿ ಹತ್ತರವರೆಗೆ ಪಾಠ. ಉಡದಾರದಲ್ಲಿ ಕೀಲಿಕೈ ಹಾಗೇ ಇತ್ತು. ಟ್ರಂಕಿನಲ್ಲಿ ಉಂಡಿ ಇರಲಿಲ್ಲ. ಕೀಲಿ ಮುರಿದವನು ಅವನ ದೋಸ್ತನೇ ಆಗಿದ್ದರಿಂದ ಅದರ ಬಗ್ಗೆ ದೂರಿರಲಿಲ್ಲ.

ನಾವು ಹುಡುಗನನ್ನು ವಾಪಸ್ ಕೇಳಿದೆವು, ಉಳಿದ ದಿನಗಳ ಹಣವನ್ನೂ ಕೇಳಿದೆವು. ‘ಪಾವತಿ ಹಿಂದ ನೋಡ್ರಿ’ ಅಂದರು. ಹಿಂದೆ ಇರುವೆಯಷ್ಟು ಅಕ್ಷರದಲ್ಲಿ ‘ಕೊಟ್ಟ ಹಣ ಮರಳಿಸಲಾಗುವುದಿಲ್ಲ’ ಎಂದಿತ್ತು. ಹುಡುಗ ಬಂದ, ಹಣ ಅಲ್ಲೇ ಉಳಿಯಿತು.

ಆಮೇಲೆ ನಾನು ಓದಲು ಕೂತೆ. ಮೊದಲೇ ಓದಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಕೇಂದ್ರದ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳ ಬಗ್ಗೆ ರಾಜ್ಯಗಳಿಗೆ ಮಾರ್ಗಸೂಚಿ ಕಳಿಸಿದೆ. 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದು, ದಿನಕ್ಕೆ 5 ತಾಸಿಗಿಂತ ಹೆಚ್ಚು ಪಾಠ ಇರಬಾರದು, ವಾರಕ್ಕೊಂದು ರಜೆ ಕೊಡಬೇಕು, ನಡುವೆ ಬಿಟ್ಟವರಿಗೆ ಉಳಿದ ದಿನಗಳ ಹಣವನ್ನು ವಸತಿ-ಊಟದ್ದೂ ಸೇರಿಸಿ 10 ದಿನದೊಳಗೆ ಮರಳಿಸಬೇಕು ಎಂದೆಲ್ಲ ಅದರಲ್ಲಿದೆ. ಅದೇ ವರ್ಷದ ನವೆಂಬರಿನಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ ಇನ್ನೊಂದು ಹೇಳಿತು: ಪಾಸಾದವರ ಫೋಟೋ ಹಾಕಬೇಕಾದರೆ, ಪಾಸಾದ ಮೇಲೆ ಪಡೆದ ಲಿಖಿತ ಒಪ್ಪಿಗೆ ಬೇಕು. ಇದನ್ನು ಹಿಡಿದು ಪರಿಚಯದ ಶಿಬಿರದವರೊಬ್ಬರನ್ನು ಕೇಳಿದೆ. ‘ನಮ್ಮದು ಕೋಚಿಂಗ್ ಅಲ್ಲರೀ, ಸಂಸ್ಕಾರ ಶಿಬಿರ’ ಅಂದರು. ಹೆಸರಿನಲ್ಲೇ ಪರಿಹಾರ ಕಂಡುಕೊಂಡಿದ್ದರು.

ಪರೀಕ್ಷೆಯ ಲೆಕ್ಕವೂ ತಂದೆತಾಯಿಗೆ ತಿಳಿದಿರಬೇಕು. ನವೋದಯದ 6ನೇ ತರಗತಿಯ ಪರೀಕ್ಷೆ 2 ತಾಸಿನದು, 80 ಪ್ರಶ್ನೆ, 100 ಅಂಕ. ಅರ್ಧದಷ್ಟು, ಅಂದರೆ 40 ಪ್ರಶ್ನೆ, ಆಕೃತಿಗಳನ್ನು ನೋಡಿ ಬುದ್ಧಿ ಓಡಿಸುವಂಥವು. ಉಳಿದದ್ದು ಗಣಿತ 20, ಭಾಷೆ 20. ಕನ್ನಡದಲ್ಲೇ ಬರೆಯಬಹುದು. ಅರ್ಜಿಗೆ ಕಾಸು ಬೇಡ. ಬರೆಯುವ ಅವಕಾಶ ಒಮ್ಮೆ ಮಾತ್ರ. ಸೀಟು ಹೆಚ್ಚೆಂದರೆ 80. ಅದರಲ್ಲಿ ಕನಿಷ್ಠ ಶೇ. 75 ಹಳ್ಳಿಯ ಮಕ್ಕಳಿಗೆ. ಹಳ್ಳಿಯ ಮಗು ಅನ್ನಿಸಿಕೊಳ್ಳಲು 3, 4, 5ನೇ ಇಯತ್ತೆಗಳನ್ನು ಹಳ್ಳಿಯ ಸಾಲಿಯಲ್ಲೇ ಪೂರ್ತಿ ಓದಿರಬೇಕು. 5ನೆಯದನ್ನು ಆ ಜಿಲ್ಲೆಯಲ್ಲೇ ಓದುತ್ತಿರಬೇಕು. ನಮ್ಮ ಶಿಬಿರದವರು ‘ಐದನೇದು ಇಲ್ಲೇ ಓದಲಿ ಬಿಡ್ರಿ’ ಅಂದಿದ್ದರು. ಒಪ್ಪಿದ್ದರೆ ಹುಡುಗನಿಗೆ ಕೋಥಳಿಯ ಬಾಗಿಲೇ ಮುಚ್ಚುತ್ತಿತ್ತು. ಹಳ್ಳಿ ಸಾಲಿ ಬಿಡಿಸಿ ನಿಪ್ಪಾಣಿಯ ಪೇಟೆ ಸಾಲಿಗೆ ಹಾಕಿ, ಆಮೇಲೆ ನವೋದಯಕ್ಕೆಂದು ಹಣ ಸುರಿಯುವವರೂ ಇದ್ದಾರೆ.

ಎಲ್ಲ ಶಿಬಿರವೂ ನಮ್ಮ ಅಳಿಯನದರಂತೆ ಇರುವುದಿಲ್ಲ. ಕಿತ್ತೂರಿನ ಸೈನಿಕ ಶಾಲೆ ಹೆಣ್ಣುಮಕ್ಕಳಿಗೆಂದು 1969ರಲ್ಲಿ ಶುರುವಾದದ್ದು. ಅದರ ಪರೀಕ್ಷೆಗೆಂದು ನಮ್ಮ ಓಣಿಯ ಹುಡುಗಿಯೊಬ್ಬಳು ಬೇರೊಂದು ಶಿಬಿರಕ್ಕೆ ಹೋಗಿ ಮೈ ತುಂಬಿಕೊಂಡು ಬಂದಳು. ತನ್ನ ಹಾಸಿಗೆ ತಾನೇ ಮಡಚುತ್ತಾಳೆ, ತಮ್ಮನ ಹಾಸಿಗೆ ಮಡಚಿಸುತ್ತಾಳೆ. ಅಲ್ಲಿ ಹೇಗಿತ್ತು ಅಂತ ಕೇಳಿದೆ. ‘ಬಾಯಾರ ಮಗಳೂ ನಮ್ಮ ಸಾಲಿನ್ಯಾಗ ಕೂತ ಉಣತಿದ್ಲ್ರಿ’ ಅಂದಳು. ನಾನು ಓದಿದ ಮಾರ್ಗಸೂಚಿಯಲ್ಲಿ ಈ ಮಾತಿರಲಿಲ್ಲ, ಅಪ್ಪನ ಹಲ್ಲಿನ ಲೆಕ್ಕದಲ್ಲಿ ಇರುತ್ತಿತ್ತು.

ಹಾಗಾಗಿ ಈಗ ಯಾರಾದರೂ ಕೇಳಿದರೆ ನಾನು ಆಫೀಸಿಗೆ ಹೋಗುವ ಮುಂಚೆ ಅಡುಗೆಮನೆ, ಪಾಯಖಾನೆ ನೋಡಿ ಅನ್ನುತ್ತೇನೆ. ರಾತ್ರಿ ಮಕ್ಕಳ ಹತ್ತಿರ ಮಲಗುವವರು ಯಾರು, ಹೆಣ್ಣುಮಕ್ಕಳ ಕಡೆ ಹೆಂಗಸರು ಇದ್ದಾರೋ ಇಲ್ಲವೋ, ಜ್ವರ ಬಂದರೆ ಯಾವ ದವಾಖಾನೆ ಎಂದು ಕೇಳಿ. ಬೇಕೆಂದಾಗ ಬಂದು ನೋಡಲು ಬಿಡದ ಕಡೆ ಬಿಡಬೇಡಿ. ಹಣ ಮರಳಿಸುವ ಮಾತನ್ನು ಪಾವತಿಯ ಮುಂಭಾಗದಲ್ಲಿ ಬರೆಸಿ. ಮಗುವಿಗೆ ಮನೆಯ ನಂಬರಿನ ಜೊತೆ ಮಕ್ಕಳ ಸಹಾಯವಾಣಿ 1098 ಬಾಯಿಪಾಠ ಮಾಡಿಸಿ. ಕೊನೆಗೆ, ಹೋಗುವವನನ್ನೂ ಒಂದು ಮಾತು ಕೇಳಿ. ಎತ್ತನ್ನು ಕೇಳುವಂತಿಲ್ಲ, ಮಗುವಿಗೆ ಬಾಯಿದೆ.

ಅಳಿಯ ಉಳಿದ ಸೂಟಿ ಅಜ್ಜನ ಹೊಲದಲ್ಲಿ ಕಳೆದ. ಊರ ಸಾಲಿಯ ಗುರುಗಳು ದಿನಕ್ಕೆ ಹತ್ತು ಲೆಕ್ಕ ಕೊಟ್ಟರು. ಮಾವಿನ ಮರದ ಮೇಲೆ ಕೂತು ಮಾಡಿದ. ನವೋದಯದ ಪಟ್ಟಿಯಲ್ಲಿ ಅವನ ನಂಬರು ಬರಲಿಲ್ಲ. ಈಗ ಊರ ಸಾಲಿಯಲ್ಲೇ ಆರನೆಯ ಇಯತ್ತೆ. ಹೋದ ಸಂತೆಯಲ್ಲಿ ಅಜ್ಜನ ಜೊತೆ ಹೋಗಿ, ಒಂದು ಹೋರಿಯ ಬಾಯಿ ತಾನೇ ಬಿಡಿಸಿ, ‘ನಾಲ್ಕ ಹಲ್ಲ’ ಅಂದನಂತೆ. ಎಣಿಕೆ ಸರಿಯಿತ್ತು ಎಂದು ಅಪ್ಪ ಹೇಳಿದ.