ಗೃಹಪ್ರವೇಶದ ಸರ್ವೆ

ಮೊನ್ನೆ ಅಳಿಯ ಬಂದ, ಕೈಯಲ್ಲಿ ಫೈಲು.

"ಮಾವ, ಬಸವನಗುಡಿಯಲ್ಲಿ ರಾಗಿ ಪಿಜ್ಜಾ ಅಂಗಡಿ ಹಾಕ್ತಿದೀನಿ. ಮಾರ್ಕೆಟ್ ಸರ್ವೆ ಮುಗೀತು. ನೂರಕ್ಕೆ ನೂರು ಜನ ಚೆನ್ನಾಗಿದೆ ಅಂದ್ರು."

"ಯಾರನ್ನ ಕೇಳ್ದೆ?"

"ತಂಗಿ ಗೃಹಪ್ರವೇಶಕ್ಕೆ ಬಂದೋರನ್ನ."

"ಪುಕ್ಕಟೆ ತಿನ್ನಿಸಿದ್ಯಾ?"

"ನೆಂಟರ ಹತ್ರ ದುಡ್ಡು ಕೇಳಕ್ಕಾಗುತ್ತಾ?"

"ಹಾಗಾದ್ರೆ ಅದು ಸರ್ವೆ ಅಲ್ಲಪ್ಪ, ಮುಯ್ಯಿ."

(ಹೊಗಳಿದವರಲ್ಲಿ ನಾನೂ ಒಬ್ಬ. ಇದನ್ನು ಅವನಿಗೆ ನೆನಪಿಸಲಿಲ್ಲ.)

"ನೂರೇ ಜನ ಸಾಲದು ಅಂತೀರಾ? ಸಾವಿರ ಜನರನ್ನ ಕೇಳ್ತೀನಿ ಬಿಡಿ."

"ಅಮೆರಿಕದ ಕೋಕಾ-ಕೋಲಾದವರು ಸುಮಾರು ಎರಡು ಲಕ್ಷ ಜನಕ್ಕೆ ಕುಡಿಸಿ ಕೇಳಿದ್ರು. ಹೊಸ ರುಚಿಯೇ ಮೇಲು ಅಂತ ಹೆಚ್ಚಿನವರು ಅಂದ್ರು. 1985ರ ಏಪ್ರಿಲ್‌ನಲ್ಲಿ ಹಳೇದನ್ನ ನಿಲ್ಲಿಸಿ ಹೊಸದನ್ನ ಬಿಟ್ರು. ಜನ ಫೋನ್ ಮಾಡಿ ಮಾಡಿ ಬೈದ್ರು. 79ನೇ ದಿನಕ್ಕೆ ಹಳೇ ರುಚಿ ವಾಪಸ್!"

"ಅಷ್ಟು ಜನ ಸುಳ್ಳು ಹೇಳಿದ್ರಾ?"

"ಇಲ್ಲ. ರುಚಿ ಹೇಗಿದೆ ಅಂತ ಕೇಳಿದ್ರು, ಅವರೂ ಹೇಳಿದ್ರು. ಹಳೇದನ್ನ ಕಿತ್ಕೊಂಡ್ರೆ ಸುಮ್ನಿರ್ತೀರಾ ಅನ್ನೋದನ್ನ ಸರಿಯಾಗಿ ಕೇಳಲೇ ಇಲ್ಲ. ನೀನು ಗಾಂಧಿ ಬಜಾರಲ್ಲಿ ನಿಂತ್ಕೊ. ಗುರುತಿಲ್ಲದವರಿಗೆ ದುಡ್ಡಿಗೆ ಮಾರು."

"ಮಳಿಗೆಗೆ ಅಡ್ವಾನ್ಸ್ ಕೊಟ್ಟಾಯ್ತಲ್ಲ ಮಾವ!"

"ಎಷ್ಟು?"

"ಐದು ಲಕ್ಷ."

ಭಾನುವಾರ ಬೆಳಗಿನಿಂದ ಸಂಜೆವರೆಗೆ ನಿಂತ. ಎರಡು ಪಿಜ್ಜಾ ಮಾರಾಟವಾದವು. ಅದರಲ್ಲಿ ಒಂದನ್ನು ಕೊಂಡವಳು ಅವನ ತಾಯಿ.