ಮೈಕ್ ಏರಸೋ ತಮ್ಮಾ!

ಶ್ರಾವಣ ಬಂತೆಂದರೆ ಹುಲಗೂರಿನಲ್ಲಿ ಹಾಡುವವರಿಗೆ ಬರವಿಲ್ಲ. ಬರವಿರುವುದು ಅವರ ದನಿಯನ್ನು ಏರಿಸಿ ಇಳಿಸುವವರಿಗೆ. ಗುಡಿಯಲ್ಲಿ ಪ್ರಸಾದ ಬಡಿಸಲು ನಾ ಮುಂದೆ ತಾ ಮುಂದೆ ಎಂದು ಜನ ಬರುತ್ತಾರೆ. ಕಸ ಹೊಡೆಯುವ ಸೇವೆಗೂ ಸಿಗುತ್ತಾರೆ. ಎರಡರಲ್ಲೂ ಪುಣ್ಯವಿದೆ. ಮೈಕಿನ ಸೇವೆಯಲ್ಲಿ ಪುಣ್ಯವಿದೆ ಎಂದು ಯಾವ ಪುರಾಣವೂ ಹೇಳಿಲ್ಲ. ಹೀಗಾಗಿ ಆ ಕೆಲಸ ನಾಲ್ಕಕ್ಷರ ಕಲಿತ, ಮನೆಯಲ್ಲಿ ಫ್ಯೂಸ್ ಹಾಕುವಾಗ ನೆರೆಯವರ ಕಣ್ಣಿಗೆ ಬಿದ್ದ, ಒಲ್ಲೆ ಎನ್ನಲು ಬಾಯಿ ಬಾರದ ಮನುಷ್ಯನಿಗೆ ಬಂದು ತಗಲುತ್ತದೆ. ಮೂರೂ ಅರ್ಹತೆ ನನ್ನಲ್ಲಿದ್ದವು.

“ಏನ್ ದೊಡ್ಡ ವಿದ್ಯಾ ಅಲ್ಲಪಾ ಇದು. ಏರಸೋದು, ಇಳಸೋದು. ನಮ್ಮೂರಾಗ ಇಳಸೋ ಕೆಲಸ ಬೀಳೂದಿಲ್ಲ,” ಎಂದು ಭಜನಿ ಮ್ಯಾಳದ ಹಿರಿಯರಾದ ಕಾಕಾ ದೀಕ್ಷೆ ಕೊಟ್ಟರು.

ಊರೇನು ಸಾಮಾನ್ಯದ್ದಲ್ಲ. ಮಕ್ಕಳಿಲ್ಲದ ಇಮಾಮ್ ಸಾಹೇಬರು ಮತ್ತು ಹಜ್ಜೂಮಾ ದಂಪತಿ ಇಲ್ಲಿಯ ಹಜರತ್ ಶಾ ಖಾದ್ರಿಯವರ ದರ್ಗಾಕ್ಕೆ ಹರಕೆ ಹೊತ್ತರು, ಆ ಹರಕೆಗೆ ಹುಟ್ಟಿದವರೇ ಶಿಶುನಾಳ ಷರೀಫರು ಎಂದು ಈ ಭಾಗದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. 1819ರಲ್ಲಿ ಹುಟ್ಟಿದ ಷರೀಫರು 1889ರಲ್ಲಿ ದೇಹ ಬಿಟ್ಟರು. ಅತ್ತ ಅಮೆರಿಕದಲ್ಲಿ ಜೆನ್ಸನ್ ಮತ್ತು ಪ್ರಿಡ್‌ಹ್ಯಾಮ್ ಎಂಬಿಬ್ಬರು ಸ್ಯಾನ್ ಫ್ರಾನ್ಸಿಸ್ಕೋದ ಜನಜಾತ್ರೆಗೆ ಧ್ವನಿವರ್ಧಕ ಕೇಳಿಸಿದ್ದು 1915ರ ಡಿಸೆಂಬರಿನಲ್ಲಿ. ಅಂದರೆ ಷರೀಫರ ತತ್ವಪದಗಳು ಊರಿಂದೂರಿಗೆ ಹಬ್ಬಿದ್ದು ಒಂದು ಮೊಳ ವೈರಿನ ಹಂಗೂ ಇಲ್ಲದೆ. ಗುರು ಗೋವಿಂದಭಟ್ಟರು ಶಿಷ್ಯನಿಗೆ “ಸ್ವಲ್ಪ ಏರಸು” ಎಂದದ್ದನ್ನು ನಾನಂತೂ ಎಲ್ಲಿಯೂ ಓದಿಲ್ಲ.

ಅವರ ಪದಗಳನ್ನೇ ಇಂದು ನಮ್ಮ ಮ್ಯಾಳಗಳು ಹಾಡುವಾಗ ಪ್ರತಿ ನುಡಿಗೊಮ್ಮೆ ಅದೇ ಮಾತು: “ಏರಸೋ ತಮ್ಮಾ!” ಪೇಟಿಯವರಿಗೆ ಪೇಟಿ ಕೇಳಬೇಕು, ತಬಲಾದವರಿಗೆ ತಬಲಾ. ಹಿಂದೆ ಸೊಲ್ಲು ಹಿಡಿಯುವವರಿಗೆ ತಮ್ಮ ದನಿ ಮುಂದಿನವರದ್ದನ್ನು ದಾಟಬೇಕು. ತಾಳದವರ ಮಾತು ಬೇರೆಯೇ. ಕಂಚಿನ ತಾಳಕ್ಕೆ ಮೈಕ್ ಬೇಕಿಲ್ಲ. ಅದು ಎಲ್ಲರ ಮೈಕಿನೊಳಗೂ ಕರೆಯದೇ ಬಂದು ಕೂತಿರುತ್ತದೆ. ಆದರೂ ತಾಳದವರಿಗೆ ತಮ್ಮ ಮುಂದೊಂದು ಸ್ಟ್ಯಾಂಡ್ ನಿಲ್ಲಿಸದಿದ್ದರೆ ಅದು ಅವಮಾನ.

ಮೈಕ್ ಒದರುವುದರ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಆ “ಕುಂಯ್ಯ್” ಯಂತ್ರದ ರೋಗವೆಂದು ಊರಿಗೆ ಊರೇ ತಿಳಿದಿದೆ. ನಿಜವಾಗಿ ಅದು ಸುತ್ತು ಹೊಡೆಯುವ ದನಿ. ಮೈಕು ಹಾಡುವವರನ್ನು ಕೇಳುವುದರ ಜೊತೆಗೆ ಸ್ಪೀಕರಿನಿಂದ ಹೊರಬಿದ್ದ ದನಿಯನ್ನೂ ಕೇಳಿ ಒಳಗೆ ಕಳಿಸುತ್ತದೆ, ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡಿ ಹೊರಗೆ ಬಿಡುತ್ತದೆ, ಮೈಕು ಅದನ್ನೂ ಕೇಳುತ್ತದೆ. ತಾನಾಡಿದ್ದನ್ನೇ ತಾನು ಕೇಳಿ ಇನ್ನಷ್ಟು ಜೋರಾಗಿ ಆಡುವವರು ನಮ್ಮ ಕಟ್ಟೆಯ ಮೇಲೂ ಕೂತಿರುತ್ತಾರೆ, ಅವರಿಗೂ ಹೀಗೇ ಆಗುತ್ತದೆ. ಮನುಷ್ಯನ ಕಿವಿ ಅತಿ ಸೂಕ್ಷ್ಮವಾಗಿರುವುದು 2,000ದಿಂದ 4,000 ಹರ್ಟ್ಸ್‌ವರೆಗಿನ ದನಿಗೆ. ಈ ಒದರಾಟಕ್ಕೂ ಪ್ರೀತಿಯ ಜಾಗ ಸುಮಾರಾಗಿ ಅದೇ. ದೇವರಿಗೆ ಮುಖ ಮಾಡಿ ಕೂತ ಅಷ್ಟೂ ಮಂದಿ ಒಮ್ಮೆಲೇ ನನ್ನತ್ತ ತಿರುಗುತ್ತಾರೆ. ಅಷ್ಟು ಏಕಾಗ್ರತೆಯಿಂದ ಅವರು ದೇವರನ್ನು ನೋಡಿದ್ದನ್ನು ನಾನು ಕಂಡಿಲ್ಲ.

ಇದಕ್ಕೆ ಮದ್ದು ಸರಳ. ಸ್ಪೀಕರ್ ಹಾಡುವವರಿಗಿಂತ ಮುಂದಿರಬೇಕು, ಮೈಕಿನ ಬೆನ್ನು ಸ್ಪೀಕರಿನ ಕಡೆಗಿರಬೇಕು, ಬಾಯಿ ಮೈಕಿಗೆ ಹತ್ತಿರವಿರಬೇಕು. ಮೊದಲೆರಡನ್ನು ನಾನು ಮಾಡಬಲ್ಲೆ. ಮೂರನೆಯದು ನನ್ನ ಕೈಯಲ್ಲಿಲ್ಲ. ನಮ್ಮ ಗಾಯಕರಿಗೆ ಭಕ್ತಿ ಉಕ್ಕಿದಾಗ ಕತ್ತು ಮೇಲೆತ್ತಿ ತಗಡಿನ ಮಾಡಿಗೆ ಮುಖ ಮಾಡಿ ಹಾಡುವ ರೂಢಿ. ಮೈಕು ಅವರ ಗಂಟಲಗುಳಿಯನ್ನು ನೋಡುತ್ತ ನಿಂತಿರುತ್ತದೆ. ಇನ್ನು ಹುಡುಗರು. 1990ರ ‘ಸಂತ ಶಿಶುನಾಳ ಷರೀಫ’ ಸಿನಿಮಾದಿಂದ ಸಿ. ಅಶ್ವತ್ಥರ ದನಿ ಇಲ್ಲಿ ಮನೆಮನೆ ಹೊಕ್ಕಿದೆ. ಅವರಂತೆ ಮೇಲಿನ ಷಡ್ಜಕ್ಕೆ ಹಾರುವ ಹುಮ್ಮಸ್ಸಿನಲ್ಲಿ ಹುಡುಗರು ಮೈಕಿನ ಜಾಲರಿಯನ್ನು ಎರಡೂ ಕೈಯಿಂದ ಅಮುಕಿ ಹಿಡಿಯುತ್ತಾರೆ. ಹಿಂದಿನ ದನಿಯನ್ನು ತಡೆಯಲೆಂದೇ ಆ ಮೈಕಿನ ತಲೆಯ ಬಳಿ ಗಾಳಿಗಂಡಿಗಳಿವೆ. ಅವನ್ನು ಮುಚ್ಚಿದರೆ ಅದು ಎಂಟೂ ದಿಕ್ಕಿನಿಂದ ಕೇಳಿಸಿಕೊಳ್ಳುತ್ತದೆ. ಅಶ್ವತ್ಥರ ಬದಲು “ಕುಂಯ್ಯ್” ಷಡ್ಜ ಮುಟ್ಟುತ್ತದೆ.

ದನಿ ಸಾಲದಾದಾಗ ಕಮಿಟಿ ಸೇರುತ್ತದೆ. ನೂರು ವಾಟಿನದು ತೆಗೆದು ಇನ್ನೂರರದು ತಂದರೆ ದನಿ ಇಮ್ಮಡಿಯಾಗುತ್ತದೆ ಎಂದು ಪಟ್ಟಿ ಎತ್ತಲು ತಯಾರಾಗುತ್ತಾರೆ. ವಾಟ್ ಇಮ್ಮಡಿಯಾದರೆ ಏರುವುದು 3 ಡೆಸಿಬಲ್, ಕಿವಿಗೆ ಇಮ್ಮಡಿ ಎನಿಸಬೇಕಾದರೆ ವಾಟ್ ಸುಮಾರು ಹತ್ತು ಪಟ್ಟಾಗಬೇಕು. ಅದೇ ಬಾಯಿ ಮೈಕಿಗೆ ಒಂದು ಗೇಣಿನಿಂದ ಅರ್ಧ ಗೇಣಿಗೆ ಬಂದರೆ ಹೆಚ್ಚುಕಡಿಮೆ 6 ಡೆಸಿಬಲ್ ಪುಕ್ಕಟೆ. ಇದನ್ನು ಸಭೆಯಲ್ಲಿ ವಿವರಿಸಿದೆ. ಕಾಕಾ ಶಾಂತವಾಗಿ ಕೇಳಿ, “ಪುಕ್ಕಟೆ ಬಂದದ್ದು ಬಾಳಿಕಿ ಬರೂದಿಲ್ಲ,” ಎಂದು ಪಟ್ಟಿಯ ಪುಸ್ತಕ ತೆಗೆದರು.

ಅವರ ಲೆಕ್ಕ ಬೇರೆ ಎಂಬುದು ತಿಳಿಯಲು ನನಗೆ ಹೊತ್ತು ಹಿಡಿಯಿತು. ಗುಡಿಯೊಳಗೆ ಹಾಡು ಹೇಗೆ ಕೇಳಿತು ಎಂದು ಯಾರೂ ಕೇಳುವುದಿಲ್ಲ. “ಬಸ್‌ಸ್ಟ್ಯಾಂಡಿಗೆ ಕೇಳ್ತೇನು?” ಎಂಬುದೇ ಪ್ರಶ್ನೆ. ಭಜನೆಗೆ ಬಾರದವರಿಗೆ ಭಜನೆ ಮುಟ್ಟಬೇಕು. ಅದಕ್ಕೇ ಹಾರ್ನ್. ಅದು ತಗ್ಗಿನ ದನಿಯನ್ನೆಲ್ಲ ನುಂಗಿ ಮೂಗಿನ ದನಿಯೊಂದನ್ನೇ ದೂರಕ್ಕೆ ಎಸೆಯುತ್ತದೆ. ಗುಡಿಯ ಮೇಲೊಂದು, ಅಗಸಿಯ ಹತ್ತಿರ ಒಂದು ಕಟ್ಟಿದರಂತೂ ಮುಗಿಯಿತು: ದನಿ ಸೆಕೆಂಡಿಗೆ ಸುಮಾರು 340 ಮೀಟರ್ ನಡೆಯುವುದರಿಂದ ನೂರೆಪ್ಪತ್ತು ಮೀಟರ್ ಆಚೆಯ ಹಾರ್ನಿನ ತಾಳ ಅರ್ಧ ಸೆಕೆಂಡ್ ತಡವಾಗಿ ಬಂದು, ಒಂದೇ ಮ್ಯಾಳ ಎರಡಾಗಿ ಜಗಳಾಡಿದಂತೆ ಕೇಳುತ್ತದೆ.

ಊರಿನಲ್ಲಿ ವಿಮರ್ಶಕರಿಗೂ ಕೊರತೆಯಿಲ್ಲ. ಕುಂದಗೋಳ ಇಲ್ಲಿಗೆ ದೂರವೇನಲ್ಲ. ಅಲ್ಲಿಯ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿಗೆ ನಡೆಯುವ ಅಹೋರಾತ್ರಿ ಸಂಗೀತ ಕೇಳಿ ಬಂದವರು ಸಾಲಾಗಿ ಕೂತು, “ಬೇಸ್ ಬಾಳ ಆತು”, “ಟ್ರೆಬಲ್ ಸಾಲದು” ಎಂದು ಏಕಕಾಲಕ್ಕೆ ಸನ್ನೆ ಮಾಡುತ್ತಾರೆ. ಮಜಾ ಎಂದರೆ ಇಬ್ಬರ ಮಾತೂ ಖರೆಯಿರಬಹುದು. ಖಾಲಿ ಗುಡಿಯಲ್ಲಿ ಸಂಜೆ ಸರಿಯಾಗಿ ಹೊಂದಿಸಿಟ್ಟದ್ದು ಜನ ತುಂಬಿದ ಮೇಲೆ ಕೆಡುತ್ತದೆ, ಮೈಯೂ ಬಟ್ಟೆಯೂ ದನಿಯನ್ನು ಹೀರುತ್ತವೆ. ಮುಂದಿನವರಿಗೆ ಒಂದು ದನಿ, ಕಂಬದ ಮರೆಯವರಿಗೆ ಇನ್ನೊಂದು.

ಕೊನೆಗೆ ನನ್ನನ್ನು ಕಾಪಾಡಿದ್ದು ಮಿಕ್ಸರಿನ ತುದಿಯ ಒಂದು ತಿರುಪು. ಅದಕ್ಕೆ ಯಾವ ವೈರೂ ಇಲ್ಲ. ಪೇಟಿಯವರು “ಏರಸು” ಎಂದಾಗ ಅವರ ಕಣ್ಣೆದುರೇ ಅದನ್ನು ಮೆಲ್ಲಗೆ ತಿರುಗಿಸುತ್ತೇನೆ. “ಹಾಂ, ಈಗ ಬಂತು ನೋಡು!” ಎನ್ನುತ್ತಾರೆ. ತಬಲಾದವರಿಗೂ ಅದೇ ತಿರುಪು. ಜಗತ್ತಿನ ಎಲ್ಲ ಕಡೆಯ ಮೈಕಿನವರೂ ಇಂಥದ್ದೊಂದನ್ನು ಇಟ್ಟುಕೊಂಡಿರುತ್ತಾರಂತೆ. ನನ್ನ ಅಭಿಪ್ರಾಯದಲ್ಲಿ ಇಡೀ ಸೆಟ್ಟಿನಲ್ಲಿ ಅತಿ ಸ್ವಚ್ಛ ದನಿ ಅದರದ್ದೇ.

ಇಳಿಸುವ ಕೆಲಸ ಬೀಳುವುದಿಲ್ಲ ಎಂದರಲ್ಲ ಕಾಕಾ, ಅದೂ ಪೂರಾ ನಿಜವಲ್ಲ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಂದ್. ಹತ್ತಕ್ಕೆ ಹಾರ್ನ್ ತೆಗೆದೆ ಎಂದರೆ ಮ್ಯಾಳ ಐದು ನಿಮಿಷ ಮುಖ ಗಂಟು ಹಾಕಿ ಹಾಡುತ್ತದೆ. ಆಮೇಲೆ ತಾಳ ತಾನಾಗಿ ತಗ್ಗುತ್ತದೆ, ಸೊಲ್ಲಿನ ಮಾತುಗಳು ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತವೆ. ಶ್ರಾವಣದ ಒಳ್ಳೆಯ ಹಾಡುಗಾರಿಕೆಯೆಲ್ಲ ನಾನು ಕೇಳಿದ್ದು ಹತ್ತರ ಮೇಲೆಯೇ. ಇದನ್ನು ಕಾಕಾಗೆ ಹೇಳಿಲ್ಲ. ಪಟ್ಟಿ ಆಗಲೇ ಅರ್ಧ ಜಮಾ ಆಗಿದೆ.

ಈ ವರ್ಷ ನಮ್ಮೂರಿಗೆ ಹಾಡಲು ಬರುವ ಮ್ಯಾಳದವರಲ್ಲಿ ವಿನಂತಿ: ಮೈಕಿಗೆ ಊದಬೇಡಿ, ಬೆರಳಿನಿಂದ ಬಡಿಯಬೇಡಿ, ಅದರ ತಲೆ ಹಿಡಿಯದೆ ಹಿಡಿಕೆ ಹಿಡಿಯಿರಿ. “ಏರಸು” ಎನ್ನುವ ಮುಂಚೆ ಅರ್ಧ ಗೇಣು ಹತ್ತಿರ ಬನ್ನಿ. ತಾಳದವರು ಒಂದು ಮಾರು ಹಿಂದೆ ಕೂಡಬೇಕು. ಅವರಿಗೆ ಮೈಕ್ ಇಲ್ಲ; ಕಾಕಾ ಅವರ ಚೀಟಿ ತಂದರೂ ಇಲ್ಲ.