ಬೆಳಗಾವಿ ಸುತ್ತಮುತ್ತ

ನಸುಕಿನ ನಾಲ್ಕೂವರೆಗೆ ಹಕ್ಕಿ ಕಾಕಾರ ಸ್ಕೂಟರ್ ಕೆಮ್ಮಿತೆಂದರೆ ಖಾಸಬಾಗದ ನಮ್ಮ ಓಣಿಗೆ ಚಳಿಗಾಲ ಬಂತೆಂದೇ ಲೆಕ್ಕ. ಮಗ್ಗಗಳಿನ್ನೂ ಖಟಪಟ ಶುರು ಮಾಡಿರುವುದಿಲ್ಲ. ಓಣಿಯ ನಾಯಿಗಳು ಎದ್ದು ಒಂದು ಸಲ ಬೊಗಳಿ, ಓ ಇವರಾ ಎಂದು ಮತ್ತೆ ಮಲಗುತ್ತವೆ. ಕಾಕಾ ಹೆಗಲಿಗೆ ಚೀಲ, ಚೀಲದಲ್ಲಿ ಕ್ಯಾಮೆರಾ, ಕ್ಯಾಮೆರಾಕ್ಕಿಂತ ಮೂರು ಪಟ್ಟು ಉದ್ದದ ಲೆನ್ಸು, ಕಾಲಲ್ಲಿ ಗಮ್‌ಬೂಟು. ಮೈಮೇಲೆ ಕ್ಯಾಂಪಿನ ಅಂಗಡಿಯಿಂದ ತಂದ ಮಿಲಿಟರಿ ಬಣ್ಣದ ಅಂಗಿ. ಹಕ್ಕಿಗೆ ತಾವು ಕಾಣಬಾರದೆಂದು ಈ ವೇಷ. ಹಕ್ಕಿಗೆ ಕಾಣುತ್ತಾರೋ ಇಲ್ಲವೋ, ಮರಾಠಾ ರೆಜಿಮೆಂಟಿನ ಈ ಊರಲ್ಲಿ ದಾರಿಯ ದನ ಕಾಯುವವರಿಗಂತೂ ಚೆನ್ನಾಗಿ ಕಾಣುತ್ತಾರೆ. ‘ರಾಮ್ ರಾಮ್ ಸಾಬ್’ ಎಂದು ಸೆಲ್ಯೂಟ್ ಹೊಡೆಸಿಕೊಂಡೇ ಮುಂದೆ ಹೋಗುತ್ತಾರೆ.

ಬ್ಯಾಂಕಿನ ನೌಕರಿಯಿಂದ ನಿವೃತ್ತರಾಗುವವರೆಗೆ ಕಾಕಾರಿಗೆ ಗೊತ್ತಿದ್ದದ್ದು ಎರಡೇ ಹಕ್ಕಿ: ಕಾಗೆ, ಮತ್ತು ಕಾಗೆಯಲ್ಲದ್ದು. ಪುಣೆಯಲ್ಲಿರುವ ಮಗ ‘ಸುಮ್ಮನೆ ಕೂಡಬೇಡ ಅಪ್ಪಾ’ ಎಂದು ಕ್ಯಾಮೆರಾ ಕೊಡಿಸಿದ. ಲೆನ್ಸು ಮಾತ್ರ ಕಾಕಾರ ಸ್ವಂತ ಗ್ರಾಚ್ಯುಟಿಯದು. ಅದರ ಬೆಲೆ ಕಾಕುಗೆ ಹೇಳಿದ್ದು ಒಂದು, ಬಿಲ್ಲಿನಲ್ಲಿದ್ದದ್ದು ಒಂದು. ಎರಡರ ನಡುವೆ ಒಂದು ಸೊನ್ನೆಯ ಅಂತರ. ಬಿಲ್ಲು ತೇಜಸ್ವಿಯವರ ‘ಹಕ್ಕಿಪುಕ್ಕ’ದ ಪುಟಗಳ ನಡುವೆ ಅಡಗಿದೆ ಎಂಬುದು ಓಣಿಗೆಲ್ಲ ಗೊತ್ತು. ಕಾಕುಗೂ ಗೊತ್ತು. ಇನ್ನೂ ಆ ಅಸ್ತ್ರ ಬಿಟ್ಟಿಲ್ಲ, ಅಷ್ಟೇ.

ಇಂಥ ಕಾಕಾ ಈಗ ಓಣಿಗೊಬ್ಬರಿದ್ದಾರೆ. ಟಿಳಕವಾಡಿಯಲ್ಲಿ ಇಬ್ಬರು. ಇವರನ್ನು ಗುರುತಿಸುವುದು ಸುಲಭ. ಮಾತಾಡುವಾಗ ನಿಮ್ಮ ಮುಖ ನೋಡುವುದಿಲ್ಲ, ನಿಮ್ಮ ಹಿಂದಿನ ತಂತಿ ನೋಡುತ್ತಾರೆ. ಫೋಟೊ ತೆಗೆಯುವುದಕ್ಕೆ ‘ಹೊಡೆಯೋದು’ ಎನ್ನುತ್ತಾರೆ. ‘ಮುಂಜಾನಿಂದ ಎಂಟನೂರ ಹೊಡದೆ’ ಎಂದು ಕಾಕಾ ರವಿವಾರದ ಸಂತೆಯಲ್ಲಿ ಯಾರಿಗೋ ಹೇಳುತ್ತಿದ್ದಾಗ, ಮೆಂತ್ಯೆಪಲ್ಲೆ ಮಾರುತ್ತಿದ್ದ ಅಜ್ಜ ತಲೆಯೆತ್ತಿ, ‘ಒಂದೊಂದು ಎಷ್ಟ ತೂಕ ಬೀಳತೈತ್ರಿ?’ ಎಂದು ಕೇಳಿದ. ಎಂಟುನೂರೂ ಒಂದೇ ಹಕ್ಕಿಯ ಬೆನ್ನು ಎಂದು ಕಾಕಾ ಹೇಳಲಿಲ್ಲ.

ಅಜ್ಜನ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಬೆಳಗಾವಿಯ ದಂಡಿನಲ್ಲಿದ್ದ ಬಟ್ಲರ್ ಎಂಬ ಕ್ಯಾಪ್ಟನ್ 1881ರಲ್ಲೇ ದಖ್ಖನ್ ಮತ್ತು ದಕ್ಷಿಣ ಮರಾಠಾ ಸೀಮೆಯ ಹಕ್ಕಿಗಳ ಪಟ್ಟಿ ಅಚ್ಚು ಹಾಕಿಸಿದ್ದ. ಆಗ ಹಕ್ಕಿ ನೋಡುವುದೆಂದರೆ ಕೋವಿಯಿಂದ ಕೆಡವಿ, ಕೈಯಲ್ಲಿ ಹಿಡಿದು ನೋಡುವುದು. ಸಾಹೇಬರ ಕೋವಿ ಹೋಯಿತು, ಕ್ರಿಯಾಪದ ಉಳಿಯಿತು.

ಕಾಕಾರ ನಿಜವಾದ ಗುಣ ಹೊರಬೀಳುವುದು ‘ಎಲ್ಲಿ ಸಿಕ್ತರಿ ಕಾಕಾ?’ ಎಂದು ಕೇಳಿದಾಗ. ಆ ಹಕ್ಕಿ ಹಿಮಾಲಯ ದಾಟಿ, ಯಾರ ಪರವಾನಗಿಯನ್ನೂ ಕೇಳದೆ, ಬಯಲಲ್ಲಿ ಎಲ್ಲರ ಕಣ್ಣೆದುರು ಬಂದಿಳಿದಿರುತ್ತದೆ. ಕಾಕಾ ಮಾತ್ರ ಸುತ್ತ ನೋಡಿ, ದನಿ ಇಳಿಸಿ, ‘ಇಲ್ಲೇ... ಬೆಳಗಾವಿ ಸುತ್ತಮುತ್ತ’ ಎನ್ನುತ್ತಾರೆ. ಹಿಡಕಲ್ ಹಿನ್ನೀರು, ರಕ್ಕಸಕೊಪ್ಪ, ಖಾನಾಪುರದ ಕಾಡು, ಎಲ್ಲವೂ ಬೆಳಗಾವಿ ಸುತ್ತಮುತ್ತ. ಗದಗ ಜಿಲ್ಲೆಯ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತನ್ನೂ ಒಮ್ಮೆ ಇದೇ ಸುತ್ತಮುತ್ತಕ್ಕೆ ಸೇರಿಸಿದ್ದರು. ಆ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೇ ಸೇರಿದೆ, ಜಗತ್ತಿಗೇ ಗೊತ್ತಿರುವ ವಿಳಾಸ. ಆದರೂ ಗುಟ್ಟು ಗುಟ್ಟೇ.

ಹೋದ ವರ್ಷ ಒಂದು ಗದ್ದೆಗೊರವದ ಫೋಟೊ ತೋರಿಸಿದರು. ಚಂದವೆಂದರೆ ಚಂದ. ಎಳೆಬಿಸಿಲು, ಕನ್ನಡಿಯಂಥ ನೀರು, ನೀರಲ್ಲಿ ಉದ್ದ ಕಾಲಿನ ನೆರಳು. ಎಲ್ಲಿ ಎಂದರೆ ಅದೇ ಉತ್ತರ. ಒಳಗಿನಿಂದ ಕಾಕು, ‘ಬಳ್ಳಾರಿ ನಾಲಾದಾಗ. ಪ್ಯಾಂಟಿನ ವಾಸನಿ ಇನ್ನೂ ಹೋಗಿಲ್ಲ’ ಎಂದರು. ವಡಗಾವಿ, ಖಾಸಬಾಗದವರೆಲ್ಲ ಮೂಗು ಮುಚ್ಚಿಕೊಂಡು ದಾಟುವ ನಾಲೆ! ಕೊಳಚೆಯ ಕೆಸರಲ್ಲಿ ಹುಳ ಹೆಚ್ಚು, ಹುಳ ಇದ್ದಲ್ಲಿ ಗೊರವ. ಫೋಟೊಕ್ಕೆ ವಾಸನೆ ಬರುವುದಿಲ್ಲ, ಕಾಕಾರ ಪುಣ್ಯ.

ಗುರುತು ಸಿಗದ ಹಕ್ಕಿಗಳೆಲ್ಲ ಕಾಕಾರ ಪ್ರಕಾರ ಸೈಬೀರಿಯಾದವು. ಜೋಳದ ಹೊಲಕ್ಕೆ ಮೋಡದಂತೆ ಇಳಿಯುವ ಗುಲಾಬಿ ಮೈನಾಗಳ ಬಗ್ಗೆ ರೈತನೊಬ್ಬನಿಗೆ ಹೀಗೇ ಪಾಠ ಮಾಡಿದರು. ಅವು ಬರುವುದು ಮಧ್ಯ ಏಷ್ಯಾದ ಕಡೆಯಿಂದ, ಇರಲಿ. ಕವಣೆ ಬೀಸಿ ಬೀಸಿ ರಟ್ಟೆ ಸೋತಿದ್ದ ಆತ, ‘ನಮ್ಮ ಜ್ವಾಳ ತಿನ್ನಾಕ ಅಷ್ಟ ದೂರದಿಂದ ಬರತಾವೇನ್ರಿ? ಹಂಗಾರ ಎರಡ ದಿನ ನಿಮ್ಮನಿಗೂ ಕರಕೊಂಡ ಹೋಗ್ರಿ’ ಎಂದ.

ಮನೆಯಲ್ಲೂ ಪಾಠ ತಪ್ಪಿದ್ದಲ್ಲ. 2022ರಲ್ಲಿ ಐದು ತಿಂಗಳ ಗಾಡ್ವಿಟ್ ಮರಿಯೊಂದು ಅಲಾಸ್ಕಾದಿಂದ ತಾಸ್ಮೇನಿಯಾಕ್ಕೆ 13,560 ಕಿಲೋಮೀಟರ್ ಎಲ್ಲೂ ಇಳಿಯದೆ 11 ದಿನದಲ್ಲಿ ಹಾರಿದ್ದನ್ನು ಕಾಕಾ ಕಣ್ಣಲ್ಲಿ ನೀರು ತಂದುಕೊಂಡು ಹೇಳಿದರು. ಕಾಕು ಕಂಡಿಕೆ ಸುತ್ತುತ್ತ ಕೇಳಿ, ‘ಅದು ಮುಟ್ಟೂ ಊರಿಗೆ ಮುಟ್ಟಿತಲ್ಲ. ನೀವು ಕೊತ್ತಂಬರಿ ತರತೇನಂತ ಸಂತಿಗಿ ಹ್ವಾದವರು ಹಿಡಕಲ್‌ದಾಗ ಇಳದಿದ್ರಿ’ ಎಂದರು. ತಂಗಿಯ ಮಗಳ ಲಗ್ನ ಡಿಸೆಂಬರಿನಲ್ಲಿತ್ತು. ಅಕ್ಕಿಕಾಳು ಬೀಳುವ ಹೊತ್ತಿನ ಫೋಟೊದಲ್ಲಿ ಎಲ್ಲರೂ ಮದುಮಕ್ಕಳ ಕಡೆ ನೋಡುತ್ತಿದ್ದಾರೆ. ಕಾಕಾರದು ಮಾತ್ರ ಗದ್ದ ಕಾಣುತ್ತದೆ. ಮೇಲೆ ಏನೋ ಹಾರುತ್ತಿತ್ತಂತೆ.

ಈ ಸಲದ ಅಕ್ಟೋಬರಿನ ಕಥೆ ಹೇಳದೆ ಬಿಟ್ಟರೆ ಪಾಪ ಬಂದೀತು. ಕಾಕಾ ಮೂರು ವರ್ಷದಿಂದ ನವರಂಗಕ್ಕೆ ಹರಕೆ ಹೊತ್ತವರಂತೆ ಅಲೆದವರು. ಮಳೆಗಾಲದಲ್ಲಿ ಹಿಮಾಲಯದ ತಪ್ಪಲು, ಮಧ್ಯ ಭಾರತದಲ್ಲಿ ಮರಿ ಮಾಡಿ, ಚಳಿಗೆ ನಮ್ಮ ಘಟ್ಟಗಳಿಗೆ ಬರುವ ಮೋಟುಬಾಲದ ಹಕ್ಕಿ; ಹೊಟ್ಟೆಯ ಕೆಳಗೆ ಕುಂಕುಮ ಒರೆಸಿದಂಥ ಕೆಂಪು. ಖಾನಾಪುರದಾಚೆ ಜಾಂಬೋಟಿಯ ದಾರಿಯಲ್ಲಿ, ಭೀಮಗಡದ ಅಂಚಿನ ಒಂದು ಪೊದೆ ಹಿಡಿದು ಕಾಕಾ ನಸುಕಿನಿಂದ ಕುಳಿತಿದ್ದರು. ಉಂಬಳಗಳಿಗೆ ಕಾಕಾ ಸಿಕ್ಕರು. ಕಾಕಾರಿಗೆ ಏನೂ ಸಿಗಲಿಲ್ಲ.

ನವರಂಗ ರಾತ್ರಿ ಪಯಣಿಸುವ ಹಕ್ಕಿ. ಊರ ದೀಪಕ್ಕೆ ದಿಕ್ಕು ತಪ್ಪಿ, ದಣಿದು, ಬೆಳಗಾಗುವಷ್ಟರಲ್ಲಿ ಸಿಕ್ಕಿದ ಮನೆಯೊಳಗೆ ಬಿದ್ದುಬಿಡುವುದುಂಟು. ಅದೇ ದಿನ ಅದು ಕಾಕಾರ ಪಕ್ಕದ ಮನೆಯ ಮಗ್ಗದ ಕೋಣೆಗೆ ಬಂದು, ಲಾಳಿಗಳ ಬುಟ್ಟಿಯ ಹಿಂದೆ ಕಣ್ಣು ಪಿಳಿಪಿಳಿ ಬಿಡುತ್ತ ಕೂತಿತ್ತು. ಮಗ್ಗ ನಿಲ್ಲಿಸಿದರು. ಕಾಕು ಬೆಕ್ಕು ಓಡಿಸಿ, ರಟ್ಟಿನ ಪೆಟ್ಟಿಗೆಗೆ ತೂತು ಮಾಡಿ, ಹಳೇ ಸೀರೆಯ ತುಂಡು ಹಾಸಿ, ಹಕ್ಕಿಯನ್ನು ಕತ್ತಲಲ್ಲಿ ಇಟ್ಟರು. ಗಂಡನ ಪಾಠಗಳನ್ನು ಅವರೊಬ್ಬರೇ ಕಿವಿಗೊಟ್ಟು ಕೇಳಿದ್ದರೆಂಬುದು ಆವತ್ತು ಗೊತ್ತಾಯಿತು. ಮಗ್ಗದ ಮನೆಯ ಹುಡುಗ ಹತ್ತು ಸಾವಿರದ ಮೊಬೈಲಿನಲ್ಲಿ ಎರಡೇ ಫೋಟೊ ತೆಗೆದ. ಎರಡರಲ್ಲೂ ಮುಖ ಇತ್ತು. ಹೊತ್ತು ಮುಳುಗುವಾಗ ಕಾಕು, ಹುಡುಗ ಇಬ್ಬರೂ ಪೆಟ್ಟಿಗೆ ಹೊತ್ತು ಹೋಗಿ, ಮರಗಿಡ ದಟ್ಟ ಇದ್ದಲ್ಲಿ ಹಕ್ಕಿ ಬಿಟ್ಟು ಬಂದರು.

ಕಾಕಾ ಬಂದಾಗ ದೀಪ ಹಚ್ಚುವ ಹೊತ್ತು. ಹುಡುಗ ಮೊಬೈಲ್ ಮುಂದೆ ಹಿಡಿದ. ಕಾಕಾ ಕನ್ನಡಕ ಒರೆಸಿಕೊಂಡು ನೋಡಿದರು, ಮತ್ತೊಮ್ಮೆ ನೋಡಿದರು. ಗಮ್‌ಬೂಟು ಬಿಚ್ಚದೆ ಕಟ್ಟೆಯ ಮೇಲೆ ಕುಸಿದು ಕೂತು, ‘ಎಲ್ಲಿ ಸಿಕ್ತೋ ತಮ್ಮಾ?’ ಎಂದರು. ಹುಡುಗ ಕಾಕು ಮುಖ ನೋಡಿದ.

ಕಾಕು ಚಹದ ಕಪ್ಪು ಕೆಳಗಿಟ್ಟು, ‘ಇಲ್ಲೇ... ಬೆಳಗಾವಿ ಸುತ್ತಮುತ್ತ’ ಎಂದರು.

‘ಬಿಟ್ಟಿದ್ದೆಲ್ಲಿ?’

‘ಅದೂ ಅಲ್ಲೇ.’

ಅಂದಿನಿಂದ ಕಾಕಾ ಬೆಳಿಗ್ಗೆ ಊರು ಬಿಡುವ ಮುಂಚೆ ಓಣಿಯ ಮಗ್ಗದ ಕೋಣೆಗಳಿಗೆಲ್ಲ ಇಣುಕಿ ಹೋಗುತ್ತಾರೆ. ನೇಕಾರರು ಒಳಗೆ ಕರೆದು ಚಹ ಕೊಡುತ್ತಾರೆ, ಹಕ್ಕಿಯ ಸುದ್ದಿ ಕೊಡುವುದಿಲ್ಲ.

ಓಣಿಯಲ್ಲಿ ಲಗ್ನ ಗೊತ್ತು ಮಾಡುವವರಿಗೆ ಕಾಕು ಪರವಾಗಿ ಒಂದು ವಿನಂತಿ. ಕಾಕಾ ಅಕ್ಕಿಕಾಳು ಹಾಕಬೇಕೆಂದಿದ್ದರೆ ಮುಹೂರ್ತವನ್ನು ಏಪ್ರಿಲ್ ಕೊನೆಗೋ ಮೇ ತಿಂಗಳಲ್ಲೋ ಇಟ್ಟುಕೊಳ್ಳಿ. ಜೂನಿಗೆ ಮುಂದೂಡಬೇಡಿ, ಮೊದಲ ಮಳೆಗೆ ಆಫ್ರಿಕಾದಿಂದ ಚಾತಕ ಬರುತ್ತದೆ.